ಹಲಗೆ ಕುಡಿದ ನೀರು: ನಮ್ಮ ಫೈಬರ್ ದೋಣಿಯ ರಿಪೇರಿ

ತಳದಲ್ಲಿ ಒಂದು ಬಿರುಕು ಬಿಟ್ಟಿದೆ, ಎರಡು ಪದರ ಮ್ಯಾಟ್ (ಗಾಜಿನ ಎಳೆಯ ಹಾಸು) ಹಾಕಿದರೆ ಆಯ್ತು ಅಂತ ಶುರು ಮಾಡಿದ ಕೆಲಸ ಇದು. ಮುಗಿಯುವಾಗ ಐದು ವಾರ ಕಳೆದಿತ್ತು.

ನಮ್ಮದು 24 ಅಡಿಯ ಫೈಬರ್ ನಾಡದೋಣಿ, 18 ವರ್ಷ ಹಳೆಯದು. ಚಿಕ್ಕಪ್ಪ ಕೊಂಡದ್ದು. ಉಡುಪಿ ಜಿಲ್ಲೆಯ ಗಂಗೊಳ್ಳಿ ಅಳಿವೆ ದಾಟಿ ಹೋಗಿ ಬಲೆ ಬಿಡುತ್ತೇವೆ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟ್‌ಗಳಿಗೆ ರಜೆ. 10 ಎಚ್‌ಪಿ ತನಕದ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಆಗ ಕಡಲಿಗೆ ಇಳಿಯಲು ಅವಕಾಶ. ನಮಗೆ ದುಡಿಮೆಯ ಕಾಲವೇ ಅದು. ಹಾಗಾಗಿ ರಿಪೇರಿಗೆ ಸಿಗುವುದು ಮಳೆ ಬೀಳುವ ಮೊದಲಿನ ಬಿಸಿಲು ಮಾತ್ರ. ಏಪ್ರಿಲ್ ಕೊನೆಗೆ ದೋಣಿಯನ್ನು ದಡಕ್ಕೆ ಎಳೆದು, ತೆಂಗಿನ ಮರದ ಕೆಳಗೆ ಕವುಚಿ ಹಾಕಿದೆವು.

ಬಿರುಕಿನ ಸುತ್ತ ನಾನು ಗ್ರೈಂಡರ್ ಹಿಡಿಯುವ ಮೊದಲೇ ಚಿಕ್ಕಪ್ಪ ಸುತ್ತಿಗೆಯ ಹಿಡಿಯಿಂದ ದೋಣಿಯನ್ನು ಕುಟ್ಟುತ್ತಾ ಬಂದರು. ಬದಿಯಲ್ಲಿ ಟಣ್ ಟಣ್ ಅಂತ ಗಟ್ಟಿ ಶಬ್ದ. ಎಂಜಿನ್ ಕೂರಿಸುವ ಹಿಂಬದಿಯ ಹಲಗೆಗೆ ಬಂದಾಗ ಶಬ್ದ ಬದಲಾಯಿತು. ಒದ್ದೆ ಮಣ್ಣಿಗೆ ಹೊಡೆದ ಹಾಗೆ, ದಬ್ ಅಂತ.

"ಹಲಗೆ ನೀರ್ ಕುಡ್ದಿತ್ತ್ ಮಾರಾಯ. ಕೇಣ್, ಶಬ್ದ ಸತ್ತಿತ್ತ್" ಅಂದರು.

ನನಗೆ ನಂಬಿಕೆ ಬರಲಿಲ್ಲ. ಹೊರಗಿನಿಂದ ಒಂದು ಗೆರೆಯೂ ಕಾಣುತ್ತಿರಲಿಲ್ಲ. 6 ಎಂಎಂ ಬಿಟ್‌ನಲ್ಲಿ ಒಳಬದಿಯಿಂದ ಒಂದು ತೂತು ಕೊರೆದೆ. ಬಿಟ್‌ಗೆ ಸುತ್ತಿಕೊಂಡು ಬಂದದ್ದು ಮರದ ಪುಡಿಯಲ್ಲ, ಕಪ್ಪು ಕೆಸರು. ಹಿಂದೆಯೇ ಚಹಾ ಬಣ್ಣದ ನೀರು ಸಣ್ಣಗೆ ಇಳಿಯತೊಡಗಿತು. ಕೆಳಗಿಟ್ಟ ತಗಡಿನ ಡಬ್ಬಿ ಸಂಜೆಯೊಳಗೆ ಕಾಲುಭಾಗ ತುಂಬಿತ್ತು.

ಫೈಬರ್ ದೋಣಿಗೆ ಕೊಳೆಯುವ ಭಯ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಫೈಬರ್ ಕೊಳೆಯುವುದಿಲ್ಲ, ನಿಜ. ಆದರೆ ಎಂಜಿನ್ ಹಲಗೆಯ ಹೊಟ್ಟೆಯೊಳಗೆ ಇರುವುದು ಪ್ಲೈವುಡ್. ಎಂಜಿನ್ ಬ್ರಾಕೆಟಿನ ಬೋಲ್ಟ್ ತೂತಿಗೆ ಯಾವತ್ತೋ ಸೀಲಂಟ್ (ನೀರು ನುಗ್ಗದಂತೆ ಸಂದು ಮುಚ್ಚುವ ಅಂಟು) ಹಾಕದೆ ಬಿಗಿದಿದ್ದರು. ಎಂಜಿನ್ ಅದುರುವಾಗ ತೂತು ಸವೆಯುತ್ತದೆ, ಉಪ್ಪುನೀರು ಒಳಗೆ ಇಳಿಯುತ್ತದೆ. ಎರಡೂ ಕಡೆ ಫೈಬರ್ ಇರುವುದರಿಂದ ಆ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ. ಹಾಗೇ ಬಿಟ್ಟಿದ್ದರೆ ಆಷಾಢದ ಅಲೆಯಲ್ಲಿ ಎಂಜಿನ್ ಹಲಗೆ ಸಮೇತ ಕಿತ್ತು ಹೋಗುತ್ತಿತ್ತು. ಇಬ್ಬರೇ ಹೋಗುವ ದೋಣಿ ನಮ್ಮದು. ಅದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಹೊರಗಿನ ಫೈಬರ್ ಚೆನ್ನಾಗಿತ್ತು. ಅದನ್ನು ಮುಟ್ಟದೆ, ಒಳಗಿನ ಪದರವನ್ನು ಮಾತ್ರ ಗ್ರೈಂಡರ್‌ನಲ್ಲಿ ಸುತ್ತಲೂ ಕತ್ತರಿಸಿ ತೆಗೆದೆ. ಹಾಗೆ ಮಾಡಿದರೆ ದೋಣಿಯ ಆಕಾರ ಕೆಡುವುದಿಲ್ಲ, ಹೊಸ ಹಲಗೆಗೆ ಹೊರಪದರವೇ ಅಚ್ಚು. ಪ್ಲೈವುಡ್ಡಿನ ಮೇಲಿನ ಅರ್ಧ ಉಳಿಯಿಂದ ಎಬ್ಬಿಸಿದರೆ ಹಾಳೆ ಹಾಳೆಯಾಗಿ ಬಂತು. ಕೆಳಗಿನ ಅರ್ಧವನ್ನು ಕೈಯಲ್ಲೇ ಬಾಚಿ ತೆಗೆದೆ. ಫೈಬರ್ ಉಜ್ಜುವಾಗ ಹಾರುವ ಗಾಜಿನ ಪುಡಿಯ ಬಗ್ಗೆ ಒಂದು ಮಾತು. ಬಾಯಿಗೆ ಬರೀ ಬೈರಾಸು ಕಟ್ಟಿಕೊಂಡರೆ ಸಾಲದು, ಪುಡಿ ತಡೆಯುವ ಮಾಸ್ಕ್ ಮತ್ತು ಕನ್ನಡಕ ಬೇಕೇ ಬೇಕು. ತೋಳಿಗೆ ತುಂಬುತೋಳಿನ ಅಂಗಿ. ಕೆಲಸ ಮುಗಿದ ಮೇಲೆ ತಣ್ಣೀರಲ್ಲಿ ಸ್ನಾನ ಮಾಡಿ. ಬಿಸಿನೀರು ಹಾಕಿದರೆ ತುರಿಕೆ ಜಾಸ್ತಿ.

ಅಷ್ಟಾದ ಮೇಲೆ ಹದಿನಾರು ದಿನ ಸುಮ್ನೆ ಒಣಗಲು ಬಿಟ್ಟೆ. ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಸಾಮಾನು ಬಂದು ಕೂತಿತ್ತು, ಕ್ಯಾಲೆಂಡರ್ ಓಡುತ್ತಿತ್ತು, ದಾರಿಯಲ್ಲಿ ಹೋಗುವವರೆಲ್ಲ "ಇನ್ನೂ ಹಚ್ಲಿಲ್ವಾ?" ಅಂತ ಕೇಳುತ್ತಿದ್ದರು. ಆದರೆ ಒದ್ದೆ ಫೈಬರಿನ ಮೇಲೆ ರೆಸಿನ್ (ಗಾಜಿನ ಎಳೆಯನ್ನು ಅಂಟಿಸಿ ಗಟ್ಟಿಯಾಗುವ ದ್ರವ) ಹಿಡಿಯುವುದಿಲ್ಲ. ಹಿಡಿದ ಹಾಗೆ ಕಾಣುತ್ತದೆ, ಒಂದು ಮಳೆಗಾಲ ಕಳೆದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಮೊದಲು ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು ಉಪ್ಪು ತೆಗೆದೆ. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಮೀಟರ್ ಇರಲಿಲ್ಲ. ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಮರುದಿನ ಬಿಸಿಲು ಏರಿದ ಮೇಲೆ ನೋಡುತ್ತಿದ್ದೆ. ಒಳಗೆ ತೇವ ಇದ್ದರೆ ಹಾಳೆಯ ಅಡಿಯಲ್ಲಿ ಸಣ್ಣ ಹನಿ ಕೂರುತ್ತದೆ. ಮೊದಲ ವಾರ ದಿನವೂ ಹನಿ. ಹದಿನೈದು, ಹದಿನಾರನೇ ದಿನ ಹಾಳೆ ಒಣಗಿಯೇ ಇತ್ತು. ಆಗ ಶುರು ಮಾಡಿದೆ.

ತಳದಲ್ಲೂ ಅಲ್ಲಲ್ಲಿ ಬಟಾಣಿ ಕಾಳಿನಷ್ಟು ಗುಳ್ಳೆ ಎದ್ದಿದ್ದವು. ಒಂದನ್ನು ಒಡೆದರೆ ವಿನೆಗರ್ ವಾಸನೆಯ ನೀರು. ನೀರು ಒಳಗೆ ಸೇರಿ ರೆಸಿನ್ನನ್ನು ಕೆಡಿಸುತ್ತಿದೆ ಅಂತ ಅರ್ಥ. ಅವನ್ನೆಲ್ಲ ಉಜ್ಜಿ ತೆರೆದು, ತೊಳೆದು, ಇದರ ಜೊತೆಗೇ ಒಣಗಿಸಿದ್ದೆ.

ಹೊಸ ಹಲಗೆಗೆ ಐಎಸ್ 710 ಗುರುತಿನ (ಭಾರತದ ಮಾನದಂಡದ) ಮೆರೈನ್ ಪ್ಲೈ, 18 ಎಂಎಂನ ಎರಡು ಹಾಳೆ. ಕತ್ತರಿಸುವ ಮೊದಲು ಎಂಜಿನ್ನಿನ ಕ್ಲ್ಯಾಂಪ್ ಎಷ್ಟು ಅಗಲ ತೆರೆಯುತ್ತದೆ ಅಂತ ಅಳೆಯಲೇಬೇಕು. ಪ್ಲೈ ಮೇಲೆ ಫೈಬರ್ ಪದರ ಸೇರಿ ದಪ್ಪ ಜಾಸ್ತಿಯಾದರೆ ಎಂಜಿನ್ ಕೂರುವುದಿಲ್ಲ. ಪ್ಲೈಯ ಅಂಚಿಗೆ ಮೂರು ಸಲ ರೆಸಿನ್ ಕುಡಿಸಿದೆ, ನೀರು ಮೊದಲು ನುಗ್ಗುವುದೇ ಅಲ್ಲಿ. ಹೊರಪದರಕ್ಕೂ ಪ್ಲೈಗೂ ನಡುವೆ, ರೆಸಿನ್‌ಗೆ ಕತ್ತರಿಸಿದ ಗಾಜಿನ ಎಳೆ ಕಲಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದು ಬಳಿದೆ. ಹಲಗೆಯಲ್ಲಿ ಅಲ್ಲಲ್ಲಿ ಸಣ್ಣ ತೂತು ಮೊದಲೇ ಕೊರೆದಿದ್ದೆ. ಕ್ಲ್ಯಾಂಪ್ ಬಿಗಿದಾಗ ಒಳಗಿನ ಗಾಳಿ ಆ ತೂತುಗಳಿಂದ ಹೊರಬಂದು, ಹಿಂದೆಯೇ ರೆಸಿನ್ ಉಕ್ಕಿತು. ಉಕ್ಕದ ತೂತಿನ ಹಿಂದೆ ಟೊಳ್ಳು ಇದೆ ಅಂತ ಗೊತ್ತಾಗುತ್ತದೆ.

ಪಾಲಿಯೆಸ್ಟರ್ ರೆಸಿನ್ ತರುವಾಗ ಜಿಪಿ (ಸಾಮಾನ್ಯ ಬಳಕೆಯದು) ಬೇಡ ಅಂತ ಐಸೋ (ಐಸೋಥಾಲಿಕ್) ತಂದೆ. ಸದಾ ನೀರಲ್ಲಿ ಇರುವ ವಸ್ತುವಿಗೆ ಐಸೋ ಬಾಳಿಕೆ ಬರುತ್ತದೆ. ಎಪಾಕ್ಸಿ ಅನ್ನುವ ಬೇರೆ ಜಾತಿಯ ರೆಸಿನ್ ಇನ್ನೂ ಚೆನ್ನಾಗಿ ಅಂಟುತ್ತದೆ ಅಂತ ಕೆಲವರು ಹೇಳಿದರು, ಅದೂ ನಿಜವೇ. ಆದರೆ ಎಪಾಕ್ಸಿ ಹಾಕಿದ ಜಾಗದ ಮೇಲೆ ಮುಂದೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ನಾಳೆ ಬೇರೆ ಯಾರೋ ಇದೇ ದೋಣಿಗೆ ತೇಪೆ ಹಾಕಬೇಕಲ್ವಾ? ಅದಕ್ಕೆ ಬೇಡ ಅಂದೆ.

ಮೇ ತಿಂಗಳ ಬಿಸಿಲಲ್ಲಿ ರೆಸಿನ್ ನಮಗಾಗಿ ಕಾದು ಕೂರುವುದಿಲ್ಲ, ಬೇಗ ಗಟ್ಟಿಯಾಗುತ್ತದೆ. ಮೊದಲ ದಿನ ಒಂದು ಕಿಲೋ ರೆಸಿನ್ನಿಗೆ, ಅದನ್ನು ಗಟ್ಟಿ ಮಾಡುವ 20 ಎಂಎಲ್ ಹಾರ್ಡ್‌ನರ್ ಹಾಕಿ ಬಕೆಟ್ಟಿನಲ್ಲೇ ಇಟ್ಟುಕೊಂಡೆ. ಅರ್ಧ ಬಳಿಯುವಷ್ಟರಲ್ಲಿ ಉಳಿದದ್ದು ಜೆಲ್ಲಿಯಾಗಿ, ಬಕೆಟ್ ಮುಟ್ಟಲಾಗದಷ್ಟು ಬಿಸಿಯಾಗಿ ಹೊಗೆ ಬಂತು. ಮರುದಿನದಿಂದ ಕಿಲೋಗೆ 10 ಎಂಎಲ್, ಒಮ್ಮೆಗೆ ಅರ್ಧ ಕಿಲೋ ಮಾತ್ರ, ಬೆಳಿಗ್ಗೆ ಐದೂವರೆಯಿಂದ ಎಂಟೂವರೆ ಒಳಗೆ ಕೆಲಸ. ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಹಾರ್ಡ್‌ನರ್ ಎರಡನ್ನೂ ಯಾವತ್ತೂ ನೇರವಾಗಿ ಸೇರಿಸಬಾರದು, ಸ್ಫೋಟ ಆಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್‌ನರ್. ಎರಡು ಬಾಟಲಿಗಳನ್ನು ಒಂದೇ ಕಡೆ ಇಡಲೂಬೇಡಿ.

ತಳದ ಬಿರುಕಿನ ಅಂಚನ್ನು ಫೈಬರಿನ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿದೆ. ಅಲ್ಲಿ ಫೈಬರ್ 6 ಎಂಎಂ ದಪ್ಪ, ಅಂದರೆ ಬಿರುಕಿನ ಎರಡೂ ಕಡೆ 7 ಸೆಂಟಿಮೀಟರ್ ಉಜ್ಜಬೇಕು. ಸಣ್ಣ ಬಿರುಕಿಗೆ ಇಷ್ಟಗಲ ಯಾಕೆ ಅನ್ನಿಸುತ್ತದೆ. ಹಳೆ ಫೈಬರಿಗೆ ಹೊಸದು ಕರಗಿ ಸೇರುವುದಿಲ್ಲ, ಉಜ್ಜಿದ ಒರಟಿಗೆ ಹಿಡಿದು ನಿಲ್ಲುತ್ತದೆ ಅಷ್ಟೇ. ಹಿಡಿಯುವ ಜಾಗ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್, ಮೇಲೆ 600 ಗ್ರಾಮಿನ ರೋವಿಂಗ್ (ನೇಯ್ದ ಗಾಜಿನ ಬಟ್ಟೆ), ಮತ್ತೆ ಮ್ಯಾಟ್. ಪ್ರತಿ ಪದರಕ್ಕೂ ರೋಲರ್ ಓಡಿಸಿ, ಬಿಳಿ ಕಲೆ ಕಂಡಲ್ಲೆಲ್ಲ ಒತ್ತಿ ಗಾಳಿ ತೆಗೆದೆ. ಕೊನೆಯ ಸಲ ಬಳಿಯುವ ರೆಸಿನ್ನಿಗೆ ಮೇಣ ಬೆರೆಸಿದ್ದೆ, ಇಲ್ಲದಿದ್ದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.

ಸುಧಾರಣೆ ಅಂತ ಮಾಡಿದ್ದು ಸ್ವಲ್ಪವೇ. ಬಲೆ ಎಳೆಯುವಾಗ ಉಜ್ಜುವ ಅಂಚಿಗೆ ಒಂದು ಪದರ ಜಾಸ್ತಿ. ಮರಳಲ್ಲಿ ಎಳೆಯುವಾಗ ಉಜ್ಜುವ, ತಳದ ನಡುವಿನ ಉಬ್ಬು ಏಣಿಗೂ (ಕೀಲ್) ಹಾಗೆಯೇ. ಕೂರುವ ಹಲಗೆಗಳ ಕೆಳಗೆ ಫೋಮ್ ಸುರಿಯಲು ಹೇಳಿದರು, ನಾನು ಒಪ್ಪಲಿಲ್ಲ. ಫೋಮ್ ವರ್ಷಗಟ್ಟಲೆ ನೀರು ಹೀರಿಕೊಂಡು ಭಾರವಾಗುತ್ತದೆ, ತೆಗೆದು ನೋಡಲೂ ಆಗುವುದಿಲ್ಲ. ಮುಚ್ಚಳ ಬಿಗಿದ ಖಾಲಿ ಕ್ಯಾನ್‌ಗಳನ್ನು ತುಂಬಿ ಪಟ್ಟಿ ಕಟ್ಟಿದೆ. ದೋಣಿ ಮಗುಚಿದರೂ ತೇಲುತ್ತದೆ, ಬೇಕಾದಾಗ ತೆಗೆದು ಒಣಗಿಸಬಹುದು.

ಬೋಲ್ಟ್ ತೂತುಗಳಿಗೆ ಮಾತ್ರ ಎಪಾಕ್ಸಿ ಬಳಸಿದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿ ಅಳತೆಯ ತೂತು. ಈಗ ಸೀಲಂಟ್ ಸೋತರೂ ನೀರಿಗೆ ಸಿಗುವುದು ಎಪಾಕ್ಸಿ, ಮರವಲ್ಲ. 316 ದರ್ಜೆಯ ಸ್ಟೇನ್ಲೆಸ್ ಸ್ಟೀಲಿನ ಬೋಲ್ಟ್, ಅಗಲ ವಾಷರ್, ಪಾಲಿಯುರೆಥೇನ್ ಸೀಲಂಟ್.

ಮೇ 29ಕ್ಕೆ ಬಣ್ಣ ಹೊಡೆದು ನಂಬರ್ ಬರೆದೆವು. ಜೂನ್ ಎರಡನೇ ವಾರ ಅಳಿವೆಯಲ್ಲಿ ಅಲೆ ಸ್ವಲ್ಪ ಇಳಿದಾಗ ಹೊರಗೆ ಹೋದೆವು. ಚಿಕ್ಕಪ್ಪ ಪೂರ್ತಿ ಎಂಜಿನ್ ಕೊಟ್ಟಾಗ ನಾನು ಹಲಗೆಯ ಮೇಲೆ ಅಂಗೈ ಇಟ್ಟು ಕೂತಿದ್ದೆ. ಮೊದಲು ಅಲ್ಲಿ ಒಂದು ತರಹದ ತೂಗಾಟ ಇರುತ್ತಿತ್ತು, ಅದು ಎಂಜಿನ್ನಿನದು ಅಂತ ಅಂದುಕೊಂಡಿದ್ದೆವು. ಈಗ ಇಲ್ಲ.

ನೂಲು ಹುಣ್ಣಿಮೆಗೆ ಕಡಲಿಗೆ ಹಾಲು ಎರೆದು ಬಂದ ಮರುದಿನ ಕೆಳಗಿನ ಒಂದು ಬೋಲ್ಟ್ ಬಿಚ್ಚಿದೆ. ಕಡ್ಡಿಗೆ ಬಿಳಿ ಕಾಗದ ಸುತ್ತಿ ತೂತಿನೊಳಗೆ ತಿರುಗಿಸಿ ತೆಗೆದು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಬೆರಳಲ್ಲಿ ಉಜ್ಜಿ ನೋಡಿದರು. ಕಾಗದ ಒಣಗಿಯೇ ಇತ್ತು. ಹೊಸ ಸೀಲಂಟ್ ಹಾಕಿ ಬೋಲ್ಟ್ ಬಿಗಿದೆ.