ಹುಳು ಜ್ವರಕ್ಕೆ ಕೂತ ದಿನ ಮನೆ ಭೇಟಿ

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಮೂರು ವರ್ಷ ತುಂಬಿದ ಮಕ್ಕಳು ಕೇಂದ್ರಕ್ಕೆ ಬರುತ್ತವೆ. ಹಾಲು, ಮೊಟ್ಟೆ, ಊಟ ಎಲ್ಲ ನಮ್ಮ ಕಣ್ಣೆದುರೇ ಆಗುತ್ತದೆ. ಅದಕ್ಕಿಂತ ಚಿಕ್ಕವು ಮನೆಯಲ್ಲೇ ಇರುತ್ತವೆ. ನಮಗೆ ಚಿಂತೆ ಇರುವುದು ಇವುಗಳದ್ದೇ.

ತೂಕದ ಪುಸ್ತಕ ತಿರುವಿದರೆ ಕೆಲವು ಕೂಸುಗಳ ಗೆರೆ ಒಂದು ತಿಂಗಳು ಏರಿ, ಮುಂದಿನ ತಿಂಗಳು ಅಲ್ಲೇ ನಿಂತಿರುತ್ತಿತ್ತು. ಎಲ್ಲವೂ ರೇಷ್ಮೆ ಹುಳು ಸಾಕುವ ಮನೆಯವು. ನಿಂತಿದ್ದು ಹುಳುವಿನ ಬೆಳೆ ಜೋರಾಗಿದ್ದ ತಿಂಗಳಲ್ಲಿ. ಹುಳು ಬೆಳೆಯುವಾಗ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೇ ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಸುಮಾರು ಒಂದು ವಾರ. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ವಾರದಲ್ಲೇ ಖರ್ಚಾಗುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ರಾತ್ರಿಯೂ ಎದ್ದು ಹಾಕಬೇಕು. ತಾಯಿ ತಾನೇ ನಿಂತು ಉಣ್ಣುತ್ತಾಳೆ, ಇನ್ನು ಮಗುವಿಗೆ ಕೂತು ತಿನ್ನಿಸೋದೆಲ್ಲಿ?

ಆ ವಾರ ನಾನು ಹೋಗಿ ಬುದ್ಧಿ ಹೇಳಿದರೆ ಬೈಸಿಕೊಳ್ಳಬೇಕಷ್ಟೆ. ಆದರೆ ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ಅವತ್ತು ಅಮ್ಮನಿಗೂ ಪುರುಸೊತ್ತು. ಈಗ ದಾರಿಯಲ್ಲಿ ಸಿಕ್ಕವರನ್ನು "ಹುಳು ಯಾವ ಜ್ವರದಲ್ಲಿದೆ?" ಅಂತ ಕೇಳಿಕೊಂಡೇ ಮನೆ ಭೇಟಿ ಇಟ್ಟುಕೊಳ್ಳುತ್ತೇನೆ. ನಾಲ್ಕನೇ ಜ್ವರದ ದಿನವಂತೂ ತಪ್ಪಿಸುವುದಿಲ್ಲ.

ಮೊದಲು ತೋಳಿನ ಪಟ್ಟಿ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪಟ್ಟಿಯಲ್ಲಿ ಹಳದಿ, ಅಂದರೆ ಎಚ್ಚರ; 11.5ಕ್ಕಿಂತ ಕಡಿಮೆಯಿದ್ದರೆ ಕೆಂಪು, ತಡಮಾಡದೆ ಡಾಕ್ಟರ ಹತ್ತಿರ. ತೀರಾ ಸೊರಗಿದ ಮಕ್ಕಳನ್ನು ಇರಿಸಿಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಎರಡು ವಾರ ಇರಬೇಕೆಂದರೆ ಬೆಳೆ ಬಿಟ್ಟು ಯಾವ ತಾಯಿ ಹೊರಡುತ್ತಾಳೆ? ಅದಕ್ಕೇ ಹಳದಿ ಬಣ್ಣದಲ್ಲಿರುವಾಗಲೇ ಹಿಡಿಯಬೇಕು.

ಆಮೇಲೆ ಅಜ್ಜಿಯ ಹತ್ತಿರ ಕೂರುತ್ತೇನೆ. ಆ ವಾರ ಮಗು ಇರುವುದು ಅವರ ಕೈಯಲ್ಲೇ ಅಲ್ವಾ. ರಾಗಿ ಸರಿಯನ್ನು ಕುಡಿಸುವಷ್ಟು ತೆಳ್ಳಗೆ ಮಾಡುವುದು ಇಲ್ಲಿನ ವಾಡಿಕೆ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೆ ಹರಿಯದೆ ನಿಲ್ಲುವಷ್ಟು ಗಟ್ಟಿ ಇರಲಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಬೀಳಲಿ ಎಂದು ಅವರ ಒಲೆಯ ಮೇಲೇ ಮಾಡಿ ತೋರಿಸುತ್ತೇನೆ. ಬಾಯಲ್ಲಿ ಹೇಳಿದ್ದು ಆ ಕ್ಷಣಕ್ಕಷ್ಟೆ. ವಾರಕ್ಕಾಗುವಷ್ಟು ಹುರಿಹಿಟ್ಟನ್ನೂ ಅವತ್ತೇ ಡಬ್ಬಿಗೆ ತುಂಬಿಸುತ್ತೇವೆ. ಒಂದು ವರ್ಷದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು, ನಡುವೆ ಬಾಳೆಹಣ್ಣೋ ಇನ್ನೇನೋ.

ಕೂಸಿನ ಜತೆ ಮಾತಾಡಿ, ಆಟ ಆಡಿಸಿ ಎಂದರೆ ಮಾತ್ರ ಅಜ್ಜಿಯರು ನಗುತ್ತಾರೆ. "ಮಾತೇ ಬರದ ಕೂಸಿನ ಹತ್ರ ಏನು ಮಾತಾಡೋದು ಟೀಚರ್?" ಎಂದರು ಒಬ್ಬರು. ನಾನು ಸ್ಟೀಲ್ ಲೋಟವೊಂದನ್ನು ಟವೆಲ್ ಕೆಳಗೆ ಮುಚ್ಚಿಟ್ಟೆ. ಹತ್ತು ತಿಂಗಳ ಕೂಸು ಟವೆಲ್ಲನ್ನೇ ದಿಟ್ಟಿಸಿತು, ಒಂದು ತುದಿ ಹಿಡಿದು ಎಳೆಯಿತು, ಲೋಟ ಕಂಡದ್ದೇ ನೆಲಕ್ಕೆ ಕುಟ್ಟಿ ಕೇಕೆ ಹಾಕಿತು. "ಅಯ್ಯೋ ಕಳ್ಳಿ!" ಅಂತ ಅಜ್ಜಿ ತಾವೇ ಮತ್ತೆ ಮುಚ್ಚಿದರು. ನಾನು ಹೊರಡುವವರೆಗೂ ಅದೇ ಆಟ. ಮೂರು ವರ್ಷದೊಳಗೆ ಮೆದುಳು ಬೆಳೆಯುವ ವೇಗದ ಬಗ್ಗೆ ತರಬೇತಿಯಲ್ಲಿ ಕೇಳಿದ್ದನ್ನು ಅವರಿಗೆ ನಾನು ಹೇಳಲೇ ಇಲ್ಲ, ಬೇಕಾಗಲೂ ಇಲ್ಲ.

ಇನ್ನೊಂದು ಮಾತು. ರೋಗಾಣು ಸಾಯಲೆಂದು ಬ್ಲೀಚಿಂಗ್, ಫಾರ್ಮಲಿನ್ ಹೊಡೆಯುವ ಹುಳು ಮನೆಯೊಳಗೆ ಅಂಬೆಗಾಲಿಡುವ ಕೂಸನ್ನು ಬಿಡಲೇಬಾರದು. ಸಣ್ಣ ಮನೆಗಳಲ್ಲಿ ಇದು ಕಷ್ಟ. ಬಾಗಿಲಿಗೆ ಅಡ್ಡ ಹಲಗೆ ಕಟ್ಟಿಸಿದ್ದೇವೆ.

ಮನೆ ಭೇಟಿಯ ತಾರೀಖು ತಿಂಗಳ ಮೊದಲೇ ಬರೆದು ಕೊಡಬೇಕು, ಹುಳು ಅದನ್ನು ಕೇಳುವುದಿಲ್ಲವಲ್ಲ. ಹಾಗಾಗಿ ರೇಷ್ಮೆ ಮನೆಗಳಿಗೆ ಎರಡು ತಾರೀಖು ಬರೆದಿಡುತ್ತೇನೆ.