ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಹೊರಟವರು ಮೆಟ್ರೋ ಹಿಡಿಯುವುದು ಹೇಗೆ

ಬಳ್ಳಾರಿಯಲ್ಲಿ ರಾತ್ರಿ ರೈಲು ಹತ್ತುವವರು ಬರ್ತ್ ಯಾವುದು, ಊಟ ಎಲ್ಲಿ ಅನ್ನುವುದನ್ನೆಲ್ಲ ಮೊದಲೇ ನೋಡಿಕೊಂಡಿರುತ್ತಾರೆ. ಬೆಂಗಳೂರಿನಲ್ಲಿ ಯಾವ ಸ್ಟೇಷನ್ನಿಗೆ ಮುಟ್ಟುತ್ತೇವೆ, ಅಲ್ಲಿಂದ ಮೆಟ್ರೋ ಎಷ್ಟು ಹತ್ತಿರ ಅನ್ನುವ ಪ್ರಶ್ನೆ ಬರುವುದು ಇಳಿದ ಮೇಲೆ. ಅಷ್ಟರಲ್ಲಿ ತಡವಾಗಿರುತ್ತದೆ. ಮೆಟ್ರೋ ಪ್ರಯಾಣ ಸಲೀಸಾಗುವುದೂ ಕೆಡುವುದೂ ಊರಿನಲ್ಲಿ ಟಿಕೆಟ್ ಬುಕ್ ಮಾಡುವಾಗಲೇ ತೀರ್ಮಾನವಾಗುತ್ತದೆ.

ಹೋಗಬೇಕಾದ ಜಾಗ ಯಾವ ಬಣ್ಣದ ಮಾರ್ಗದಲ್ಲಿದೆ ಅನ್ನುವುದನ್ನು ಮೊದಲು ನೋಡಿ. ನೇರಳೆ ಮಾರ್ಗ ಪೂರ್ವ-ಪಶ್ಚಿಮ: ವೈಟ್‌ಫೀಲ್ಡ್ ಕಾಡುಗೋಡಿಯಿಂದ ಕೆ.ಆರ್. ಪುರ, ಇಂದಿರಾನಗರ, ಎಂ.ಜಿ. ರಸ್ತೆ, ವಿಧಾನಸೌಧ, ಮೆಜೆಸ್ಟಿಕ್, ವಿಜಯನಗರ, ಮೈಸೂರು ರಸ್ತೆ, ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ 43.49 ಕಿ.ಮೀ., 37 ನಿಲ್ದಾಣ. ಹಸಿರು ಮಾರ್ಗ ಉತ್ತರ-ದಕ್ಷಿಣ: ತುಮಕೂರು ರಸ್ತೆಯ ಮಾದಾವರದಿಂದ ದಾಸರಹಳ್ಳಿ, ಪೀಣ್ಯ, ಯಶವಂತಪುರ, ರಾಜಾಜಿನಗರ, ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಜಯನಗರ, ಬನಶಂಕರಿ ಮೂಲಕ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ. ಹಳದಿ ಮಾರ್ಗ ಹಸಿರು ಮಾರ್ಗದ ಆರ್.ವಿ. ರಸ್ತೆ ನಿಲ್ದಾಣದಿಂದ ಹೊರಟು ಜಯದೇವ ಆಸ್ಪತ್ರೆ, ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ ಹೋಗುತ್ತದೆ, 19.15 ಕಿ.ಮೀ., 16 ನಿಲ್ದಾಣ. ನೇರಳೆಯಿಂದ ಹಸಿರಿಗೆ ಬದಲಾಯಿಸುವುದು ಮೆಜೆಸ್ಟಿಕ್‌ನಲ್ಲಿ, ಹಸಿರಿನಿಂದ ಹಳದಿಗೆ ಆರ್.ವಿ. ರಸ್ತೆಯಲ್ಲಿ. ಈ ಎರಡು ಹೆಸರು ನೆನಪಿದ್ದರೆ ನಕ್ಷೆ ಅರ್ಧ ಬಂದಂತೆ.

ರೈಲು ಮುಟ್ಟುವ ಸ್ಟೇಷನ್

ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರನ್ನು ಗುಂತಕಲ್ ಮೇಲೆ ಕೆಎಸ್‌ಆರ್ ಬೆಂಗಳೂರಿಗೆ, ಅಂದರೆ ಹಳೆಯ ಸಿಟಿ ಸ್ಟೇಷನ್ನಿಗೆ ತರುತ್ತದೆ. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್ ಕೂಡ ಅಲ್ಲಿಗೇ. ಮೆಟ್ರೋ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸ್ಟೇಷನ್ ಇಲ್ಲ, ಏಕೆಂದರೆ ಎರಡು ಮೆಟ್ರೋ ನಿಲ್ದಾಣಗಳು ಇದರ ಎರಡು ಮಗ್ಗುಲಲ್ಲಿವೆ. ಹಿಂಬದಿಯಲ್ಲಿ, 10ನೇ ಪ್ಲಾಟ್‌ಫಾರ್ಮ್ ಕಡೆ, ನೇರಳೆ ಮಾರ್ಗದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ಮುಂಬದಿಯಲ್ಲಿ, ಬಸ್ ಸ್ಟ್ಯಾಂಡ್ ಕಡೆ, ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ವಿಜಯನಗರ, ಕೆಂಗೇರಿ, ಇಂದಿರಾನಗರ, ವೈಟ್‌ಫೀಲ್ಡ್ ಕಡೆಗಾದರೆ ಹಿಂಬದಿಗೆ ಹೋಗಿ. ಜಯನಗರ, ಬನಶಂಕರಿ, ಪೀಣ್ಯಕ್ಕಾದರೆ ಮುಂಬದಿಯಿಂದ ಹೊರಬಂದು ಮೆಜೆಸ್ಟಿಕ್‌ಗೆ ನಡೆಯಿರಿ. ಹಿಂಬದಿಯಲ್ಲಿ ನೇರಳೆ ರೈಲು ಹತ್ತಿ, ಒಂದೇ ನಿಲ್ದಾಣಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರಿಗೆ ಬದಲಾಯಿಸುವ ಸುತ್ತು ಬೇಡ. ಲಗೇಜ್ ಇದ್ದಾಗ ಆ ಮೆಟ್ಟಿಲುಗಳೇ ಸುಸ್ತು ಮಾಡುತ್ತವೆ.

ಯಶವಂತಪುರದಲ್ಲಿ ಮುಗಿಯುವ ರೈಲುಗಳೂ ಇವೆ. ಚಿಕ್ಕಜಾಜೂರು, ತುಮಕೂರು ಮೇಲೆ ಬರುವ ರೈಲಿನವರು ಇದನ್ನು ಗಮನಿಸಬೇಕು. ಮೆಟ್ರೋ ಇರುವುದು ತುಮಕೂರು ರಸ್ತೆ ಕಡೆ. ಆ ಕಡೆಯ ದ್ವಾರದಿಂದಲೇ ಹೊರಬನ್ನಿ, ಇಲ್ಲವಾದರೆ ಹಳಿಗಳನ್ನು ಸುತ್ತಿಕೊಂಡು ಬರಬೇಕಾಗುತ್ತದೆ. ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿಯಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರಿಗೆ ಕೆಎಸ್‌ಆರ್‌ಗಿಂತ ಯಶವಂತಪುರವೇ ಅನುಕೂಲ.

ನಿಜವಾದ ಫಜೀತಿ ಆಗುವುದು ಎಸ್‌ಎಂವಿಟಿಯಲ್ಲಿ. ಕಲಬುರಗಿಯಿಂದ ರಾಯಚೂರು ಮೇಲೆ ಬರುವ ವಂದೇ ಭಾರತ್ ಮುಗಿಯುವುದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು: ಬೈಯಪ್ಪನಹಳ್ಳಿ ಎಂಬ ಹೆಸರು ನೋಡಿ ಬೈಯಪ್ಪನಹಳ್ಳಿ ಮೆಟ್ರೋ ಪಕ್ಕದಲ್ಲೇ ಇದೆ ಅಂದುಕೊಳ್ಳುವುದು. ಅದು ಸುಮಾರು 2 ಕಿ.ಮೀ. ದೂರ, ನಡುವೆ ರೈಲು ಹಳಿಗಳು. ಬಿಎಂಟಿಸಿ ಬಸ್ಸೋ ಆಟೋವೋ ಬೇಕು. ಇನ್ನೊಂದು ಮರಳುವಾಗಿನದು: ನೇರಳೆ ಮಾರ್ಗದಲ್ಲಿ ‘ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜ್’ ಅಂತ ಬೇರೆಯದೇ ನಿಲ್ದಾಣವಿದೆ, ಮೆಜೆಸ್ಟಿಕ್‌ನಿಂದ ಪೂರ್ವಕ್ಕೆ ಮೊದಲನೆಯದು. ವಿಶ್ವೇಶ್ವರಯ್ಯ ಎಂದಷ್ಟೇ ಹೇಳಿ ಟಿಕೆಟ್ ತೆಗೆದುಕೊಂಡರೆ ಅಲ್ಲಿ ಇಳಿಯುತ್ತೀರಿ. ನಿಮ್ಮ ರೈಲು ಊರಿನ ಇನ್ನೊಂದು ತುದಿಯಲ್ಲಿರುತ್ತದೆ. ಎಸ್‌ಎಂವಿಟಿಗೆ ಹೋಗಲು ಬೈಯಪ್ಪನಹಳ್ಳಿಗೆ ಟಿಕೆಟ್ ಕೇಳಿ, ಅಲ್ಲಿಂದಾಚೆಗೆ ಅರ್ಧ ಗಂಟೆ ಬೇರೆ ಇಟ್ಟುಕೊಳ್ಳಿ.

ಬಸ್ಸಿನಲ್ಲಿ ಬರುವವರಿಗೆ

ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು ಮೇಲೆ ಬರುವ ಬಸ್ಸೂ, ಕೊಪ್ಪಳದಿಂದ ಹೊಸಪೇಟೆ, ಚಿತ್ರದುರ್ಗ ಮೇಲೆ ಬರುವ ಬಸ್ಸೂ ಹೆದ್ದಾರಿ 48 ಹಿಡಿದು ತುಮಕೂರು, ನೆಲಮಂಗಲ ದಾಟಿ ತುಮಕೂರು ರಸ್ತೆಯಿಂದಲೇ ಊರೊಳಗೆ ಬರುತ್ತವೆ. 2024ರ ನವೆಂಬರ್ 7ರಂದು ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ವಿಸ್ತರಣೆಯಾದ ಮೇಲೆ ಮೆಟ್ರೋ ಊರ ಬಾಗಿಲಿಗೇ ಬಂದಂತಾಗಿದೆ. ಮಂಜುನಾಥನಗರ, ಚಿಕ್ಕಬಿದರಕಲ್ಲು, ಮಾದಾವರ ಅನ್ನುವ ಈ ಮೂರು ನಿಲ್ದಾಣಗಳಿಂದ ನಮ್ಮ ಜಿಲ್ಲೆಗಳಿಗೆ ಆದಷ್ಟು ಲಾಭ ಬೇರೆ ಯಾವ ವಿಸ್ತರಣೆಯಿಂದಲೂ ಆಗಿಲ್ಲ.

ಆದರೆ ಯಾವಾಗ ಇಳಿಯಬೇಕು ಅನ್ನುವುದು ಗಡಿಯಾರದ ಲೆಕ್ಕ. ಬಸ್ ಬೆಳಿಗ್ಗೆ 5ರೊಳಗೆ ನೆಲಮಂಗಲ ದಾಟಿದರೆ ಕೂತೇ ಇರಿ: ರಸ್ತೆ ಖಾಲಿ ಇರುತ್ತದೆ, ಸೋಮವಾರ ಬಿಟ್ಟರೆ ಮೆಟ್ರೋ ಇನ್ನೂ ಶುರುವಾಗಿರುವುದಿಲ್ಲ. 8ರ ನಂತರವಾದರೆ ಮಾದಾವರ ಅಥವಾ ನಾಗಸಂದ್ರದಲ್ಲಿ ಇಳಿದುಬಿಡಿ. ಗೊರಗುಂಟೆಪಾಳ್ಯದ ಸಿಗ್ನಲ್ ದಾಟುವುದರಲ್ಲೇ ಬಸ್ಸಿನ ಸಮಯ ಹೋಗುತ್ತದೆ. ಕಂಡಕ್ಟರಿಗೆ ತುಮಕೂರಿನಲ್ಲೇ ಹೇಳಿಡಿ. ಬಸ್ ಪೀಣ್ಯದ ಮೇಲ್ಸೇತುವೆ ಹತ್ತಿಬಿಟ್ಟರೆ ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ ಮೂರೂ ಕೆಳಗೇ ಉಳಿಯುತ್ತವೆ, ಮುಂದೆ ಇಳಿಯಲು ಸಿಗುವುದು ಗೊರಗುಂಟೆಪಾಳ್ಯ. ನಿದ್ದೆಗಣ್ಣಿನಲ್ಲಿ ಆಗುವ ತಪ್ಪು ಇದೇ. ರಾಯಚೂರಿನಿಂದ ಅನಂತಪುರ ಮೇಲೆ ಬರುವ ಬಸ್ಸುಗಳು ಹೆಬ್ಬಾಳದ ಕಡೆಯಿಂದ ಬರುತ್ತವೆ. ನಮ್ಮೂರಿನ ಹೆಸರಿಟ್ಟುಕೊಂಡಿರುವ ಆ ಬಳ್ಳಾರಿ ರಸ್ತೆಗೆ ನೇರಳೆ, ಹಸಿರು, ಹಳದಿ ಯಾವುದೂ ಬರುವುದಿಲ್ಲ. ಅವರು ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಹೋಗುವುದು ಒಳ್ಳೆಯದು.

ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳಿಗೆ ಮೆಟ್ರೋದಲ್ಲಿ ಉಚಿತವಿಲ್ಲ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಇದೆ. ಹತ್ತಿರದ ಜಾಗಕ್ಕೆ, ಸಮಯವಿದ್ದಾಗ, ಆ ಬಸ್ಸೇ ಸರಿ.

ಈ ಮಾರ್ಗಗಳು ಹೀಗೇಕೆ ಇವೆ

ಊರಿನ ಹಿರಿಯರು ‘ಮೆಟ್ರೋ ಸ್ಟೇಷನ್‌ವರೆಗೂ ಬರಲ್ಲ’ ಅನ್ನುವುದುಂಟು. ಅವರು ಕಂಡದ್ದು ಹಳೆಯ ಮೆಟ್ರೋ. 2006ರ ಜೂನ್ 24ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದ ಯೋಜನೆಯ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಬರೀ 6 ನಿಲ್ದಾಣ. 2015ರ ನವೆಂಬರ್‌ನಲ್ಲಿ ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಯ ತುಂಡು ತೆರೆಯಿತು. ಪೂರ್ವದ್ದು ಪೂರ್ವಕ್ಕೆ, ಪಶ್ಚಿಮದ್ದು ಪಶ್ಚಿಮಕ್ಕೆ. ನಡುವೆ ನಮ್ಮ ರೈಲುಗಳು ಬಂದು ನಿಲ್ಲುವ ಸಿಟಿ ಸ್ಟೇಷನ್ ಹೊರಗೇ ಉಳಿದಿತ್ತು. ಕಬ್ಬನ್ ಪಾರ್ಕ್‌ನಿಂದ ಸಿಟಿ ಸ್ಟೇಷನ್‌ವರೆಗೆ ನೆಲದಡಿಯಲ್ಲಿ ಸುರಂಗ ಕೊರೆದು 5 ನಿಲ್ದಾಣ ಕಟ್ಟಬೇಕಿತ್ತು. ಗಟ್ಟಿ ಕಲ್ಲೂ ಸಡಿಲ ಮಣ್ಣೂ ಒಟ್ಟಿಗೆ ಸಿಗುವ ಬೆಂಗಳೂರಿನ ನೆಲದಲ್ಲಿ ಸುರಂಗ ಯಂತ್ರಗಳು ನಿಧಾನವಾಗುತ್ತವೆ. ಆ ಭಾಗ 2016ರ ಏಪ್ರಿಲ್ ಕೊನೆಯಲ್ಲಿ ತೆರೆದ ಮೇಲೆಯೇ ಹಂಪಿ ಎಕ್ಸ್‌ಪ್ರೆಸ್ ಇಳಿದವರು ನೇರ ಮೆಟ್ರೋ ಹತ್ತುವಂತಾಯಿತು. ಹಸಿರು ಮಾರ್ಗ 2014ರ ಮಾರ್ಚ್ 1ರಂದು ಪೀಣ್ಯ ಇಂಡಸ್ಟ್ರಿಯಿಂದ ಸಂಪಿಗೆ ರಸ್ತೆಯವರೆಗೆ ಮಾತ್ರ ಶುರುವಾಗಿತ್ತು. 2017ರ ಜೂನ್‌ನಲ್ಲಿ ಅದು ಮೆಜೆಸ್ಟಿಕ್ ಹಾಯ್ದು ಯಲಚೇನಹಳ್ಳಿಗೆ ಮುಟ್ಟಿತು, ಎರಡು ಬಣ್ಣ ಕೂಡಿದವು.

ವೈಟ್‌ಫೀಲ್ಡಿನ ಕಥೆಯೂ ಹೀಗೇ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ರೈಲು ಓಡಿದರೂ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಸಣ್ಣ ತುಂಡು ಉಳಿದಿತ್ತು, ಜನ ನಡುವೆ ಬಸ್ ಹತ್ತಿ ಇಳಿಯುತ್ತಿದ್ದರು. ಬೆನ್ನಿಗಾನಹಳ್ಳಿಯಲ್ಲಿ ಓಡುವ ರೈಲು ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸಬೇಕಾಗಿದ್ದೇ ಕಾರಣ. 2023ರ ಅಕ್ಟೋಬರ್ 9ರಂದು ಅದೂ, ಆ ಕಡೆ ಕೆಂಗೇರಿ–ಚಲ್ಲಘಟ್ಟವೂ ತೆರೆದವು. ಹಳದಿ ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು.

ಟಿಕೆಟ್, ಗೇಟು, ಗಂಟುಮೂಟೆ

ಸೋಮವಾರ ನೇರಳೆ, ಹಸಿರು ಮಾರ್ಗಗಳ ಮೊದಲ ರೈಲು ಬೆಳಿಗ್ಗೆ 4.15ಕ್ಕೆ, ವಾರಾಂತ್ಯ ಊರಿಗೆ ಹೋಗಿ ಮರಳುವವರಿಗಾಗಿಯೇ ಮಾಡಿದ ಏರ್ಪಾಡು ಇದು. ಉಳಿದ ದಿನ 5ಕ್ಕೆ. ಭಾನುವಾರ 7ಕ್ಕೆ. ಭಾನುವಾರ ಬೆಳಗ್ಗಿನ ಪರೀಕ್ಷೆಗೆ ಬರುವ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ರಾತ್ರಿ ರೈಲು ಬೇಗ ಬಂದಿರುತ್ತದೆ, ಮೆಟ್ರೋ ಗೇಟು ಮುಚ್ಚಿರುತ್ತದೆ. ಪರೀಕ್ಷಾ ಕೇಂದ್ರ ದೂರವಿದ್ದರೆ ಭಾನುವಾರ ಮೆಟ್ರೋ ನೆಚ್ಚಬೇಡಿ, ಮೆಜೆಸ್ಟಿಕ್‌ನಿಂದ ಬಿಎಂಟಿಸಿ ಹಿಡಿಯಿರಿ.

2025ರ ಫೆಬ್ರವರಿ ಪರಿಷ್ಕರಣೆಯ ಪ್ರಕಾರ 2 ಕಿ.ಮೀ.ವರೆಗೆ 10 ರೂಪಾಯಿ. ಅಲ್ಲಿಂದ 10 ಕಿ.ಮೀ.ವರೆಗೆ ಪ್ರತಿ 2 ಕಿ.ಮೀ.ಗೆ 10 ರೂಪಾಯಿ ಏರಿ 50 ಆಗುತ್ತದೆ. 10–15ಕ್ಕೆ 60, 15–20ಕ್ಕೆ 70, 20–25ಕ್ಕೆ 80, ಅದರಾಚೆ ಎಷ್ಟೇ ದೂರವಾದರೂ 90. ಹೊರಡುವ ದಿನದ ದರವನ್ನು ನಮ್ಮ ಮೆಟ್ರೋ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಒಂದು ದಿನದ ಕೆಲಸಕ್ಕೆ ಬಂದವರಿಗೆ ಟೋಕನ್ ಅಥವಾ ಮೊಬೈಲಿನ ಕ್ಯೂಆರ್ ಟಿಕೆಟ್ ಸಾಕು. ಕುಟುಂಬವಾಗಿ ಬಂದರೆ ಒಂದೇ ಕ್ಯೂಆರ್‌ನಲ್ಲಿ 6 ಜನರವರೆಗೆ ಹೋಗಬಹುದು. ಒಬ್ಬೊಬ್ಬರೂ ಅದೇ ಕೋಡ್ ತೋರಿಸಿ ಒಳಗೆ ಹೋಗಬೇಕು, ಹಾಗಾಗಿ ಮೊಬೈಲ್ ಹಿಡಿದವರು ಕೊನೆಗೆ ದಾಟಿ. ಮೊಬೈಲ್ ಚಾರ್ಜ್ ಹೊರಬರುವವರೆಗೂ ಉಳಿದಿರಲಿ. ರಾತ್ರಿಯಿಡೀ ರೈಲಿನಲ್ಲಿ ಬಂದವರ ಬ್ಯಾಟರಿ ಗೇಟಿನ ಮುಂದೆ ಸತ್ತರೆ ಟಿಕೆಟ್ ಇದ್ದೂ ಇಲ್ಲದಂತೆ. ಟೋಕನ್ ಒಳಗೆ ಹೋಗುವಾಗ ಗೇಟಿಗೆ ಮುಟ್ಟಿಸುವುದು, ಹೊರಬರುವಾಗ ಸಂದಿಯಲ್ಲಿ ಹಾಕುವುದು, ಕಳೆದರೆ ದಂಡ. ಆಗಾಗ ಬರುವವರು ಸ್ಮಾರ್ಟ್ ಕಾರ್ಡ್ ಮಾಡಿಸಿ, ಅದರಲ್ಲಿ ರಿಯಾಯಿತಿ ಇದೆ. ಆದರೆ ಒಳಗೆ ಹೋಗಲು ಕನಿಷ್ಠ 90 ರೂಪಾಯಿ ಅದರಲ್ಲಿರಬೇಕು.

ಲಗೇಜಿನ ವಿಷಯದಲ್ಲಿ ನಮ್ಮ ಕಡೆಯವರು ಎಡವುತ್ತಾರೆ. ಗಂಗಾವತಿ, ಸಿಂಧನೂರಿನ ಸೋನಾಮಸೂರಿಯ 25 ಕಿಲೋ ಚೀಲ, ಜೋಳದ ಹಿಟ್ಟು, ರೊಟ್ಟಿ ಕಟ್ಟು ಎಲ್ಲವೂ ಎಕ್ಸ್‌ರೇ ಯಂತ್ರದೊಳಗೆ ಹೋಗಿ ಬರಬೇಕು. 60 × 45 × 25 ಸೆಂ.ಮೀ.ಗಿಂತ ದೊಡ್ಡ ಗಂಟಿಗೆ ಬೇರೆ ಟಿಕೆಟ್ ಕೇಳಬಹುದು, ವಾಪಸ್ಸೂ ಕಳಿಸಬಹುದು. ಅಕ್ಕಿ ಒಂದೇ ಚೀಲದಲ್ಲಿ ತುಂಬುವುದಕ್ಕಿಂತ ಎರಡು ಕೈಚೀಲ ಮಾಡಿ, ಬಾಯಿ ಹೊಲಿದು ತನ್ನಿ. ಕುಡುಗೋಲು, ಚೂರಿ, ಸೀಮೆಎಣ್ಣೆ, ಪೆಟ್ರೋಲ್, ಗ್ಯಾಸ್ ಸಿಲಿಂಡರ್ ಒಳಗೆ ಬಿಡುವುದಿಲ್ಲ. 3 ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ.

ಪ್ಲಾಟ್‌ಫಾರ್ಮಿನಲ್ಲಿ ಹಳದಿ ಗೆರೆ ದಾಟಬೇಡಿ. ನಮ್ಮ ರೈಲುಗಳಿಗೆ ವಿದ್ಯುತ್ ತಲೆಯ ಮೇಲಿನ ತಂತಿಯಿಂದ ಬರುತ್ತದೆ. ಇಲ್ಲಿ ಹಳಿಯ ಪಕ್ಕದಲ್ಲೇ ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿಸಿ ಹರಿಯುತ್ತಿರುತ್ತದೆ. ಮೊಬೈಲ್ ಕೆಳಗೆ ಬಿದ್ದರೆ ಇಳಿಯದೆ ಸಿಬ್ಬಂದಿಯನ್ನು ಕರೆಯಿರಿ. ರೈಲಿನ ಮೇಲಿನ ಬೋರ್ಡಿನಲ್ಲಿ ಕೊನೆಯ ನಿಲ್ದಾಣದ ಹೆಸರು ಓದಿಯೇ ಹತ್ತಿ: ಜನಸಂದಣಿಯ ಹೊತ್ತಿನಲ್ಲಿ ಕೆಲವು ರೈಲುಗಳು ತುದಿಯವರೆಗೆ ಹೋಗದೆ ನಡುವೆಯೇ ತಿರುಗುತ್ತವೆ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವಾಗ ಬಣ್ಣದ ಗುರುತು ಹಿಡಿದು ಒಳಗಿಂದೊಳಗೇ ಹೋಗಿ. ಗೇಟಿನಿಂದ ಹೊರಬಂದರೆ ಮತ್ತೆ ಟಿಕೆಟ್ ಬೇಕು.

ಆಸ್ಪತ್ರೆಗೆ ಬಂದವರಿಗೆ

ಜಯದೇವಕ್ಕೆ ಈಗ ಹಳದಿ ಮಾರ್ಗದಲ್ಲಿ ಅದರದೇ ಹೆಸರಿನ ನಿಲ್ದಾಣವಿದೆ: ಮೆಜೆಸ್ಟಿಕ್‌ನಿಂದ ಹಸಿರಿನಲ್ಲಿ ಆರ್.ವಿ. ರಸ್ತೆ, ಅಲ್ಲಿಂದ ಹಳದಿಯಲ್ಲಿ ರಾಗಿಗುಡ್ಡ ಆದ ಮೇಲೆ ಅದೇ. ವಿಕ್ಟೋರಿಯಾ, ವಾಣಿವಿಲಾಸಕ್ಕೆ ಕೆ.ಆರ್. ಮಾರುಕಟ್ಟೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ ನೇರಳೆಯಲ್ಲಿ ಅದೇ ಹೆಸರಿನ ನಿಲ್ದಾಣ. ಕಿದ್ವಾಯಿ, ನಿಮ್ಹಾನ್ಸ್‌ಗೆ ಈ ಮೂರು ಮಾರ್ಗಗಳಲ್ಲಿ ಬಾಗಿಲಿಗೆ ಒಯ್ಯುವ ನಿಲ್ದಾಣವಿಲ್ಲ. ಲಾಲ್‌ಬಾಗ್‌ನಲ್ಲಿ ಇಳಿದು ಆಟೋ ಮಾಡಿ. ನಡೆಯಲಾಗದ ರೋಗಿ ಜೊತೆಗಿದ್ದರೆ ಮೆಟ್ಟಿಲು ಹುಡುಕಬೇಡಿ, ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ; ಗಾಲಿಕುರ್ಚಿ ಬೇಕಾದರೆ ಕೌಂಟರಿನಲ್ಲೇ ಕೇಳಿ. ಹೆಣ್ಣುಮಕ್ಕಳಿಗೆ ಮೊದಲ ಬೋಗಿ ಮೀಸಲು, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅದೂ ತುಂಬಿರುತ್ತದೆ.

ಸಂಜೆ ಮರಳುವಾಗ ಮೆಜೆಸ್ಟಿಕ್‌ನಲ್ಲಿ ಕೆಲಸ ಬಿಟ್ಟವರ ನೂಕುನುಗ್ಗಲು. ರಾತ್ರಿ ರೈಲು ಹಿಡಿಯುವವರು ವೈಟ್‌ಫೀಲ್ಡ್ ಕಡೆಯಿಂದ ಬರುತ್ತಿದ್ದರೆ ಮೆಜೆಸ್ಟಿಕ್‌ನಲ್ಲಿ ಇಳಿಯದೆ ಮುಂದಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿಯಿರಿ, ಟಿಕೆಟನ್ನೂ ಅಲ್ಲಿಗೇ ತೆಗೆದುಕೊಂಡಿರಿ. ರೈಲು ಮುಂಬದಿಯ ಪ್ಲಾಟ್‌ಫಾರ್ಮಿನಲ್ಲಿದ್ದರೆ ಹಳಿಗಳ ಮೇಲಿನ ಸೇತುವೆ ದಾಟಲು ಲಗೇಜಿನೊಂದಿಗೆ ಹದಿನೈದು ನಿಮಿಷ ಹಿಡಿಯುತ್ತದೆ.