ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ನೀರು ಸರಿಯಾಗಿ ಇಳಿಯದಿದ್ದರೆ

ಮೂತ್ರಪಿಂಡ ಸೋತಾಗ ಹೊಟ್ಟೆಯೊಳಗೆ ದ್ರಾವಣ ತುಂಬಿ, ಕೆಲವು ಗಂಟೆಗಳ ಮೇಲೆ ಹೆಚ್ಚುವರಿ ನೀರಿನ ಸಮೇತ ಹೊರಬಿಡುವುದೇ ಪೆರಿಟೋನಿಯಲ್, ಅಂದರೆ ಹೊಟ್ಟೆಯ ಡಯಾಲಿಸಿಸ್. ಇದನ್ನು ಮಾಡಿಕೊಳ್ಳುವವರ ಪಾದದಲ್ಲಿ ಊತ ಕಂಡ ಕೂಡಲೇ ಮನೆಯವರ ಕೈ ನೀರನ್ನು ಹೆಚ್ಚು ಎಳೆಯುವ ಗಟ್ಟಿ ಬ್ಯಾಗಿನತ್ತ, ಅಂದರೆ 4.25 ಶೇಕಡಾ ಗ್ಲೂಕೋಸ್‌ನ ಬ್ಯಾಗಿನತ್ತ ಹೋಗುತ್ತದೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಅಮ್ಮನಿಗೆ ದಿನಕ್ಕೆ ನಾಲ್ಕು ಬಾರಿ ಬ್ಯಾಗ್ ಬದಲಿಸುವ ನಾನೂ ಮೊದಲು ಹಾಗೆಯೇ ಯೋಚಿಸುತ್ತಿದ್ದೆ. ಆದರೆ ಮೊದಲು ತೆರೆಯಬೇಕಾದದ್ದು ಒಳಹೋದ, ಹೊರಬಂದ ನೀರಿನ ಲೆಕ್ಕದ ಪುಸ್ತಕ.

ಎರಡು ಲೀಟರ್ ಎಂದು ಬರೆದ ಬ್ಯಾಗಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ದ್ರಾವಣವಿರುತ್ತದೆ. ಕೊಳವೆ ತೊಳೆಯಲು ಬಿಡುವ ದ್ರಾವಣವೂ ಹೊರಬಂದ ನೀರಿಗೇ ಸೇರುತ್ತದೆ. ಆದ್ದರಿಂದ ಹೊರಬಂದದ್ದನ್ನಷ್ಟೇ ತೂಗಿ ಎರಡು ಲೀಟರ್ ಕಳೆದರೆ, ಇಳಿಯದ ನೀರೂ ಇಳಿದಂತೆ ಕಾಣುತ್ತದೆ. ಹೊರಕವರ್ ತೆಗೆದ ಜೋಡಿ ಬ್ಯಾಗನ್ನು (ದ್ರಾವಣದ ಬ್ಯಾಗು ಮತ್ತು ಹೊರಬರುವ ನೀರಿಗೆ ಖಾಲಿ ಬ್ಯಾಗು) ಬಳಸುವ ಮುನ್ನ ಒಮ್ಮೆ, ಮುಗಿದ ಮೇಲೆ ಕೊಳವೆ ಸಮೇತ ಇನ್ನೊಮ್ಮೆ ಕೊಕ್ಕೆಯ ತಕ್ಕಡಿಗೆ ತೂಗುಹಾಕಿ. 2.2 ಕಿಲೋ ಇದ್ದದ್ದು 2.5 ಆಗಿದ್ದರೆ ಸುಮಾರು 300 ಮಿಲಿಲೀಟರ್ ನೀರು ಇಳಿದಿದೆ ಎಂದು ಸಮಯದ ಜೊತೆಗೆ ಬರೆದಿಡಿ.

ಒಂದು ವಾರದ ಬರಹ ನೋಡಿದರೆ ತೊಂದರೆ ಎಲ್ಲಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ದ್ರಾವಣದ ಗ್ಲೂಕೋಸ್ ನೀರನ್ನು ಎಳೆಯುತ್ತದೆ, ಆದರೆ ಗಂಟೆಗಳು ಕಳೆದಂತೆ ಅದೇ ಗ್ಲೂಕೋಸ್ ರಕ್ತಕ್ಕೆ ಸೇರಿಹೋಗುವುದರಿಂದ ಎಳೆತ ಕುಗ್ಗಿ, ಬಂದ ನೀರು ಮರಳಿ ದೇಹಕ್ಕೇ ಹೋಗುತ್ತದೆ. ರಾತ್ರಿಯಿಡೀ ಒಳಗಿದ್ದ ಬ್ಯಾಗಿನಲ್ಲಿ ಮಾತ್ರ ಕಡಿಮೆ ಬರುತ್ತಿದ್ದರೆ, ಆ ಅವಧಿಗೆ ಐಕೋಡೆಕ್ಸ್‌ಟ್ರಿನ್ ಎಂಬ, ರಕ್ತಕ್ಕೆ ನಿಧಾನವಾಗಿ ಸೇರುವ ದ್ರಾವಣ ಹೊಂದುತ್ತದೆಯೇ, ಹೊಟ್ಟೆಯ ಒಳಪೊರೆಯ ಗುಣ ತಿಳಿಸುವ ಪಿಇಟಿ (ಪೆರಿಟೋನಿಯಲ್ ಇಕ್ವಿಲಿಬ್ರೇಶನ್ ಟೆಸ್ಟ್) ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಗಟ್ಟಿ ಬ್ಯಾಗನ್ನು ನೀವಾಗಿಯೇ ದಿನವೂ ಬಳಸಬೇಡಿ: ಸಕ್ಕರೆ ಏರುತ್ತದೆ, ವರ್ಷಗಳು ಉರುಳಿದಂತೆ ಪೊರೆಯೂ ಕೆಡುತ್ತದೆ.

ಎಲ್ಲ ಬ್ಯಾಗುಗಳಲ್ಲೂ ಕಡಿಮೆ ಬಂದು, ಹೊರಗೆ ಹರಿಯುವುದೂ ನಿಧಾನವಾಗಿದ್ದರೆ ಮಲಬದ್ಧತೆ ಇದೆಯೇ ನೋಡಿ. ತುಂಬಿದ ಕರುಳು ಹೊಟ್ಟೆಯೊಳಗೆ ಇಟ್ಟ ಕೊಳವೆಯನ್ನು, ಅಂದರೆ ಕ್ಯಾತಿಟರನ್ನು, ಒತ್ತುತ್ತದೆ. ವೈದ್ಯರು ಹೇಳಿದ ಔಷಧದಿಂದ ಹೊಟ್ಟೆ ಸಡಿಲವಾದ ಮೇಲೆ ಹರಿವು ಸರಿಹೋದದ್ದನ್ನು ನಾನೇ ಕಂಡಿದ್ದೇನೆ. ಕೊಳವೆ ಮಡಚಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು, ಮಗ್ಗುಲು ಬದಲಿಸಿ ನೋಡಿ. ಹೊರಬಂದ ನೀರಿನಲ್ಲಿ ಬಿಳಿ ಎಳೆಗಳು ಕಂಡರೆ ಡಯಾಲಿಸಿಸ್ ನರ್ಸ್‌ಗೆ ತಿಳಿಸಿ; ಕ್ಯಾತಿಟರ್ ಜಾಗ ಬಿಟ್ಟಿದೆಯೇ ಎಂಬುದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ.

ಉಪ್ಪಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಉಪ್ಪು ತಿಂದವರು ನೀರು ಕುಡಿಯಲೇಬೇಕಾಗುತ್ತದೆ. ದಿನಕ್ಕೆ ಒಟ್ಟು 5 ಗ್ರಾಂ ಮೀರಬಾರದೆಂದರೆ ಉಪ್ಪಿನಕಾಯಿ, ಹಪ್ಪಳ, ದರ್ಶಿನಿಯಲ್ಲಿ ಇಡ್ಲಿ ಮುಳುಗಿಸಿ ಕೊಡುವ ಸಾಂಬಾರ್ ಬಿಡಬೇಕು. ಸಾರು, ಮಜ್ಜಿಗೆ, ಗಂಜಿಯನ್ನೂ ನೀರಿನ ಲೆಕ್ಕಕ್ಕೆ ಸೇರಿಸಿ. ಇನ್ನೂ ಮೂತ್ರ ಬರುತ್ತಿದ್ದರೆ ಮೂತ್ರಪಿಂಡದ ಆ ಶಕ್ತಿಯನ್ನು ಉಳಿಸಿಕೊಳ್ಳಿ. ಅದಕ್ಕಾಗಿಯೇ ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ.

ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಹೊರಬಂದ ನೀರು ಮಬ್ಬಾಗಿದ್ದರೆ, ಹೊಟ್ಟೆನೋವು ಅಥವಾ ಜ್ವರ ಇಲ್ಲದಿದ್ದರೂ, ಬೆಳಗಾಗಲೆಂದು ಕಾಯದೆ ಆ ಬ್ಯಾಗನ್ನೇ ಜೊತೆಗೆ ತೆಗೆದುಕೊಂಡು ಹೋಗಿ.